ಸಮವಸ್ತ್ರ ಒಂದೇ ಇರಲಿ, ಆಯ್ಕೆ ಮಗುವಿಗಿರಲಿ: ಧಾರವಾಡದ ಅಪರ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಪರ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ, ಧಾರವಾಡ

ವಿಷಯ: ಶಾಲಾ ಸಮವಸ್ತ್ರದ ನಿಯಮಗಳಲ್ಲಿ ಹೆಣ್ಣು-ಗಂಡು ಮಕ್ಕಳ ನಡುವಿನ ತಾರತಮ್ಯ ತೆಗೆಯುವ ಬಗ್ಗೆ

ಮಾನ್ಯರೇ,

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಶಾಲಾ ಮಕ್ಕಳ ಬಟ್ಟೆ ಹೊಲಿಯುವವರು, ಎಸ್‌ಡಿಎಂಸಿಗಳಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ) ಸಮವಸ್ತ್ರದ ಖರೀದಿ ನೋಡಿಕೊಳ್ಳುವವರು ಮತ್ತು ದೈಹಿಕ ಶಿಕ್ಷಕರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ನಾವು ಕೇಳುವುದು ಇಷ್ಟು: ಬಣ್ಣವೂ ಬಟ್ಟೆಯೂ ಎಲ್ಲ ಮಕ್ಕಳಿಗೆ ಒಂದೇ ಇರಲಿ. ಅದೇ ಬಟ್ಟೆಯಲ್ಲಿ ಪ್ಯಾಂಟು ಬೇಕೋ, ಮುಕ್ಕಾಲು ಪ್ಯಾಂಟು ಬೇಕೋ, ಲಂಗವೋ, ಚೂಡಿದಾರವೋ ಎನ್ನುವುದನ್ನು ಮಗು ಮತ್ತು ಮನೆಯವರು ಆರಿಸಿಕೊಳ್ಳಲಿ. ಹುಡುಗಿಗೆ ಪ್ಯಾಂಟು ಕಡ್ಡಾಯ ಮಾಡಿ ಎಂದು ನಾವು ಹೇಳುತ್ತಿಲ್ಲ. ಲಂಗ ಕಡ್ಡಾಯ ಮಾಡಬೇಡಿ ಎನ್ನುತ್ತಿದ್ದೇವೆ.

ಸಣ್ಣ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ತರಗತಿಯೊಂದಕ್ಕೆ ಹೋಗಿ ಹತ್ತು ನಿಮಿಷ ನೋಡಿದರೆ ವಿಷಯ ತಿಳಿಯುತ್ತದೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತಿರುತ್ತಾರೆ. ಚಣ್ಣ ಹಾಕಿದ ಹುಡುಗ ಚಕ್ಕಳಬಕ್ಕಳ ಹಾಕಿಕೊಂಡು, ಪಾಟಿ ತೊಡೆಯ ಮೇಲಿಟ್ಟು ಬರೆಯುತ್ತಾನೆ. ಲಂಗದ ಹುಡುಗಿ ಎಡಗೈಯಿಂದ ಲಂಗದ ಅಂಚನ್ನು ಮೊಣಕಾಲಿನ ಅಡಿ ಒತ್ತಿ ಹಿಡಿದು, ಬಲಗೈ ಒಂದರಿಂದಲೇ ಬರೆಯುತ್ತಾಳೆ, ಪಾಟಿ ಜಾರುತ್ತಿರುತ್ತದೆ. ‘ಕಾಲು ಕೂಡಿಸಿ ಕೂಡು’ ಎಂಬ ಮಾತು ಬೀಳುವುದು ಅವಳಿಗೆ ಮಾತ್ರ. ಆರೇಳು ವರ್ಷದ ಮಗುವಿಗೆ ಶಾಲೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು ಎನ್ನುವುದು ನಮಗೆ ಸಂಕಟದ ಸಂಗತಿ. ಮುಂದೆ ಖೋ-ಖೋದಲ್ಲಿ ಕೂತು ಏಳುವಾಗ, ಎತ್ತರ ಜಿಗಿತದಲ್ಲಿ ಕಾಲು ಎತ್ತುವಾಗ, ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಇದೇ ನಡೆಯುತ್ತದೆ. ಆರನೇ, ಏಳನೇ ತರಗತಿಯ ಹುಡುಗಿಯರು ಆಟದ ಅವಧಿಯಲ್ಲಿ ಗೋಡೆಗೆ ಒರಗಿ ನಿಂತಿದ್ದರೆ ಅವರಿಗೆ ಆಟ ಬೇಡವಾಗಿದೆ ಎಂದು ಬರೆದುಕೊಳ್ಳಬೇಡಿ, ಅವರು ಹಾಕಿಕೊಂಡ ಬಟ್ಟೆ ನೋಡಿ.

ಪ್ರೌಢಶಾಲೆಯ ಚೂಡಿದಾರದಲ್ಲಿ ಕಾಲಿಗೆ ಬಿಡುಗಡೆ ಸಿಗುತ್ತದೆ, ತೊಂದರೆ ಹೆಗಲಿಗೆ ಏರುತ್ತದೆ. ಎರಡು ಮೀಟರಿನ ವೇಲನ್ನು ಮಡಿಚಿ, ಎರಡೂ ಭುಜಕ್ಕೆ ಪಿನ್ನು ಚುಚ್ಚಿ, ಹಿಂದೆ ಇಳಿಬಿಟ್ಟುಕೊಂಡು ಹುಡುಗಿ ಸೈಕಲ್ ಹತ್ತುತ್ತಾಳೆ. ವೇಲಿನ ತುದಿ ಹಿಂದಿನ ಗಾಲಿಗೆ ಸಿಕ್ಕರೆ ಒಮ್ಮೆಲೇ ಹಿಂದಕ್ಕೆ ಎಳೆದು ಕೆಡವುತ್ತದೆ. ಪಿನ್ನು ಕಳಚಿದ್ದರೆ ಕುತ್ತಿಗೆಗೇ ಬಿಗಿಯುತ್ತದೆ. ವೇಲಿನ ಬದಲು ಅದೇ ಬಟ್ಟೆಯ ತೋಳಿಲ್ಲದ ಕೋಟನ್ನು ಕೆಲವು ಶಾಲೆಗಳು ಈಗಾಗಲೇ ಇಟ್ಟುಕೊಂಡಿವೆ. ಅದು ಸಾಕು.

ಬಟ್ಟೆ ಹೆಚ್ಚು ಬೇಕಾಗುತ್ತದೆ ಎಂಬ ಆಕ್ಷೇಪ ಬರಬಹುದು, ಆದ್ದರಿಂದ ಲೆಕ್ಕ ಇಡುತ್ತೇವೆ. ಸೊಂಟ 24 ಇಂಚು, ಉದ್ದ 22 ಇಂಚಿನ ನೆರಿಗೆ ಲಂಗಕ್ಕೆ ಸೊಂಟದ ಮೂರು ಪಟ್ಟು, ಅಂದರೆ 72 ಇಂಚು ಅಗಲ ಬೇಕು. 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಇದು ಒಂದೇ ತುಂಡಿನಲ್ಲಿ ಬರುವುದಿಲ್ಲ. ಮಡಿಕೆ ಸೇರಿ 25 ಇಂಚಿನ ಎರಡು ತುಂಡು ಕತ್ತರಿಸಬೇಕು: ಸುಮಾರು 1 ಮೀಟರ್ 27 ಸೆಂಟಿಮೀಟರ್. ಅದೇ ಮಗುವಿಗೆ 34 ಇಂಚು ಉದ್ದದ ಪೂರ್ತಿ ಪ್ಯಾಂಟಿಗೆ ಮಡಿಕೆ, ಮಾರ್ಜಿನ್ ಸೇರಿ 38 ಇಂಚು ಸಾಕು. ಎರಡು ಕಾಲುಗಳ ಮುಂಭಾಗ, ಹಿಂಭಾಗ ನಾಲ್ಕೂ 58 ಇಂಚಿನ ಪನ್ನದಲ್ಲಿ ಪಕ್ಕಪಕ್ಕ ಕೂಡುತ್ತವೆ. ಉಳಿದ ಪಟ್ಟಿಯಲ್ಲಿ ಬೆಲ್ಟೂ ಬಕ್ಕಣದ (ಜೇಬಿನ) ಬಾಯಿಯೂ ಬರುತ್ತವೆ. ನೀರಿಗೆ ಕುಗ್ಗುವುದನ್ನು ಲೆಕ್ಕ ಹಿಡಿದರೂ 1 ಮೀಟರ್ 10 ಸೆಂಟಿಮೀಟರ್ ಮೀರುವುದಿಲ್ಲ. ಇನ್ನು ಚೂಡಿದಾರವಾದರೆ ವೇಲಿಗೆ ಹೋಗುವ ಎರಡು ಮೀಟರನ್ನು ಕೂಡಿಸಿಕೊಂಡು ನೋಡಿ!

ಆದರೆ ಹುಡುಗರ ಪ್ಯಾಂಟನ್ನು ಹಾಗೇ ಹುಡುಗಿಯರಿಗೆ ಹಂಚಿದರೆ ಕೆಲಸ ಕೆಡುತ್ತದೆ. ಖಾಸಗಿ ಶಾಲೆಗಳು ರೆಡಿಮೇಡ್ ತರಿಸುವಾಗ ಎಡವುವುದು ಇಲ್ಲೇ. ಹುಡುಗರ ಪ್ಯಾಂಟಿನ ಅಳತೆ ಸೊಂಟದಿಂದ ಶುರುವಾಗುತ್ತದೆ. ಹದಿಮೂರು ವರ್ಷದ ಹುಡುಗಿಗೆ ಸೊಂಟ 25 ಇಂಚು ಇದ್ದರೆ ಸೀಟು (ಪೃಷ್ಠದ ಸುತ್ತಳತೆ) 32 ಇರಬಹುದು. ಸೊಂಟ ನೋಡಿ ಕೊಟ್ಟರೆ ಸೀಟಿನಲ್ಲಿ ಬಿಗಿ, ಕೂತಾಗ ಹೊಲಿಗೆ ಬಿಚ್ಚುತ್ತದೆ. ಸೀಟು ನೋಡಿ ಕೊಟ್ಟರೆ ಸೊಂಟದಲ್ಲಿ ನಿಲ್ಲುವುದಿಲ್ಲ. ಒಂದು ವಾರಕ್ಕೆ ಹುಡುಗಿಯರೇ ‘ಲಂಗಾನೇ ಚಲೋ’ ಅನ್ನುತ್ತಾರೆ, ಪ್ರಯೋಗ ಸೋತಿತೆಂದು ಶಾಲೆ ಕೈಬಿಡುತ್ತದೆ. ಪರಿಹಾರ ಕಷ್ಟದ್ದಲ್ಲ. ಅಳತೆ ಸೀಟಿನದು ತೆಗೆದುಕೊಂಡು 4 ಇಂಚು ಸಡಿಲ ಕೊಡಬೇಕು. ಬೆಲ್ಟಿನ ಮುಂಭಾಗ ಗಟ್ಟಿ, ಹಿಂಭಾಗದಲ್ಲಿ 1 ಇಂಚು ಅಗಲದ ಇಲಾಸ್ಟಿಕ್. ಕೆಳಗೆ ಮಡಿಕೆಯೊಳಗೆ 2 ಇಂಚು ಬಿಟ್ಟರೆ ಮರುವರ್ಷ ಬಿಚ್ಚಿ ಉದ್ದ ಮಾಡಬಹುದು. ಐದನೇ ತರಗತಿಯವರೆಗೆ ಹುಡುಗ-ಹುಡುಗಿ ಇಬ್ಬರಿಗೂ ಪೂರ್ತಿ ಇಲಾಸ್ಟಿಕ್ ಇರಲಿ, ಲಾಡಿ ಬೇಡ. ಲಾಡಿಯ ಗಂಟು ಬಿಗಿದರೆ ಸಣ್ಣ ಮಕ್ಕಳು ಶೌಚಾಲಯದಲ್ಲಿ ಬಿಚ್ಚಲಾಗದೆ ಬಟ್ಟೆಯಲ್ಲೇ ಮಾಡಿಕೊಳ್ಳುತ್ತಾರೆ.

ಬಕ್ಕಣದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹುಡುಗನ ಬಟ್ಟೆಯಲ್ಲಿ ಬಕ್ಕಣ ತಾನಾಗಿ ಇರುತ್ತದೆ, ಹುಡುಗಿಯದರಲ್ಲಿ ಕೇಳಿದರೂ ಸಿಗುವುದಿಲ್ಲ. ಶುಚಿ ಯೋಜನೆಯಲ್ಲಿ ಸರ್ಕಾರವೇ ಪ್ಯಾಡ್ ಕೊಡುತ್ತದೆ, ಅದನ್ನು ತರಗತಿಯಿಂದ ಶೌಚಾಲಯಕ್ಕೆ ಒಯ್ಯಲು ಜಾಗವಿಲ್ಲ. ಕಂಪಾಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ, ಇಲ್ಲವೆ ಚೀಲವನ್ನೇ ಹೊತ್ತುಕೊಂಡು ಎಲ್ಲರ ಮುಂದೆ ಎದ್ದು ಹೋಗಬೇಕು. ಎಷ್ಟೋ ಮಕ್ಕಳು ಸಂಜೆ ಮನೆ ಮುಟ್ಟುವ ತನಕ ಪ್ಯಾಡ್ ಬದಲಿಸುವುದೇ ಇಲ್ಲ. ಚೂಡಿದಾರದ ಟಾಪಿಗೆ ಬಕ್ಕಣ ಇಡುವಾಗ ಆಗುವ ತಪ್ಪೂ ನಮಗೆ ಗೊತ್ತು: ಪಕ್ಕದ ಕಟ್ (ಸೀಳು) ಮೇಲಿನಿಂದ ಶುರುವಾದರೆ ಬಕ್ಕಣಕ್ಕೆ ಹೊಲಿಗೆಯ ಆಸರೆ ಸಿಗದೆ ಜೋತುಬಿದ್ದು ಹರಿಯುತ್ತದೆ. ಸೊಂಟದಿಂದ 8 ಇಂಚು ಕೆಳಗೆ ಕಟ್ ಶುರುವಾಗಲಿ, ನಡುವೆ 5 ಇಂಚಿನ ಬಾಯಿ, 8 ಇಂಚು ಆಳದ ಚೀಲ, ಒಳಗೆ ಹತ್ತಿ ಬಟ್ಟೆ. ಲಂಗಕ್ಕಾದರೆ ಬಲಗಡೆಯ ಹೊಲಿಗೆಯಲ್ಲಿ ಇಡಬೇಕು; ಎಡಗಡೆ ಹುಕ್ಕು ಇರುತ್ತದೆ.

ಶನಿವಾರದ ಬಿಳಿ ಬಟ್ಟೆಯನ್ನೂ ದಯವಿಟ್ಟು ಮರುಪರಿಶೀಲಿಸಿ. ಕವಾಯತು ನಡೆಯುವ ದಿನವೇ ಹುಡುಗಿಯರು ಬಿಳಿ ಪ್ಯಾಂಟು, ಬಿಳಿ ಲಂಗದಲ್ಲಿ ಇರಬೇಕೆಂಬ ನಿಯಮವಿದ್ದರೆ ಮುಟ್ಟಿನ ದಿನಗಳಲ್ಲಿ ಎಷ್ಟೋ ಜನ ಶಾಲೆಗೇ ಬರುವುದಿಲ್ಲ. ಮೇಲೆ ಬಿಳಿ ಅಂಗಿ, ಕೆಳಗೆ ವಾರದ ಬಣ್ಣದ್ದೇ ಎಂದು ಎಲ್ಲರಿಗೂ ಮಾಡಿದರೆ ಖರ್ಚೂ ಉಳಿಯುತ್ತದೆ.

ಹುಡುಗರಿಗೂ ಅನ್ಯಾಯವಿದೆ. ಏಳನೇ ತರಗತಿಯಲ್ಲಿ ಮೀಸೆ ಮೂಡುತ್ತಿರುವ ಹುಡುಗನಿಗೆ ಚಣ್ಣ ಹಾಕಿಸಿ ಸಾಲಿನಲ್ಲಿ ನಿಲ್ಲಿಸಿದರೆ ಅವನು ಅನುಭವಿಸುವ ನಾಚಿಕೆ ಸಣ್ಣದಲ್ಲ. ಹಾಗಂತ ಪ್ಯಾಂಟು ಎಲ್ಲ ಕಾಲಕ್ಕೂ ಒಳ್ಳೆಯದೆಂದೂ ನಾವು ಹೇಳುವುದಿಲ್ಲ. ಕಲಘಟಗಿ, ಅಳ್ನಾವರ ಕಡೆ ಜೂನ್-ಜುಲೈ ಮಳೆಯಲ್ಲಿ ಪ್ಯಾಂಟಿನ ಅಂಚು ಕೆಸರು ಹೀರಿ ಮೂರು ದಿನ ಒಣಗುವುದಿಲ್ಲ, ಇರುವುದು ಎರಡೇ ಜೊತೆ. ಅಲ್ಲಿಗೆ ಮುಕ್ಕಾಲು ಪ್ಯಾಂಟು ಮೇಲು. ಗದಗ, ನವಲಗುಂದದ ಬಿಸಿಲಿಗೆ ಸಡಿಲ ಲಂಗ ಹಿತ ಎನ್ನುವ ಮಕ್ಕಳೂ ಇದ್ದಾರೆ. ಆಯ್ಕೆ ಬೇಕು ಎನ್ನುವುದು ಇದಕ್ಕಾಗಿಯೇ.

ಕೇರಳದ ಅನುಭವ ಕಣ್ಣ ಮುಂದಿದೆ. ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಗರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಎಲ್ಲ ಮಕ್ಕಳಿಗೂ ಮುಕ್ಕಾಲು ಪ್ಯಾಂಟು, ಅಂಗಿ ತಂದಿತು. 2021ರ ಡಿಸೆಂಬರಿನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಶಾಲೆ ಹೈಯರ್ ಸೆಕೆಂಡರಿ ಹುಡುಗಿಯರಿಗೂ ಹುಡುಗರಿಗೂ ಪ್ಯಾಂಟು-ಅಂಗಿ ಮಾಡಿದಾಗ ಕೆಲವು ಸಂಘಟನೆಗಳು ಹೇರಿಕೆ ಎಂದು ಪ್ರತಿಭಟಿಸಿದವು. ಎಲ್ಲರಿಗೂ ಒಂದೇ ಕಟಿಂಗ್ ಎಂದು ಹೊರಟರೆ ಇಲ್ಲೂ ಅದೇ ಜಗಳ ಮುಂದೆ ಬರುತ್ತದೆ, ಮಕ್ಕಳ ತೊಂದರೆ ಬದಿಗೆ ಸರಿಯುತ್ತದೆ.

ಕಾನೂನಿನ ತೊಡಕು ದೊಡ್ಡದಲ್ಲ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮವು ಸಮವಸ್ತ್ರವನ್ನು 5 ವರ್ಷ ಬದಲಿಸಬಾರದು, ಬದಲಿಸುವುದಾದರೆ ಪಾಲಕರಿಗೆ 1 ವರ್ಷ ಮೊದಲು ತಿಳಿಸಬೇಕು ಎನ್ನುತ್ತದೆ. ಪಾಲಕರ ಮೇಲೆ ಹೊರೆ ಬೀಳದಿರಲೆಂದು ಇದು ಬೇಕಾದ ನಿಯಮವೇ. ನಾವು ಕೇಳುವುದರಲ್ಲಿ ಬಣ್ಣವೂ ಬಟ್ಟೆಯೂ ಬದಲಾಗುವುದಿಲ್ಲ, ಹಳೆಯ ಲಂಗವನ್ನು ಯಾರೂ ಬಿಸಾಡಬೇಕಿಲ್ಲ. ಹೊಸ ಜೊತೆ ಹೊಲಿಸುವಾಗ ಆಯ್ಕೆ ಸಿಕ್ಕರೆ ಸಾಕು. ತಲೆಗೂದಲು, ಲಂಗದ ಉದ್ದ, ರಿಬ್ಬನ್ನಿನ ನೆಪ ಹೇಳಿ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುವುದು, ಎಲ್ಲರೆದುರು ಅಳೆದು ನೋಡುವುದು ನಿಲ್ಲಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಳೆಯ ಲಂಗವನ್ನೇ ವರ್ಷಗಟ್ಟಲೆ ಹಾಕಿಸುವ ಮನೆಗಳಲ್ಲಿ ಅದು ಮೊಣಕಾಲಿಗಿಂತ ಮೇಲೇರುವುದು ಬಡತನದಿಂದ, ಶಿಸ್ತಿಲ್ಲದ್ದರಿಂದ ಅಲ್ಲ.

ನಿಮ್ಮಿಂದ ಆಗಬೇಕಾದದ್ದು ಮುಖ್ಯವಾಗಿ ಬೇಡಿಕೆ ಪಟ್ಟಿಯಲ್ಲಿದೆ. ಸರ್ಕಾರ ಉಚಿತವಾಗಿ ಕೊಡುವ ವಿದ್ಯಾವಿಕಾಸ ಯೋಜನೆಯ ಬಟ್ಟೆಗೆ ಬೇಡಿಕೆ ಹೋಗುವುದು ತರಗತಿವಾರು, ಗಂಡು-ಹೆಣ್ಣುವಾರು. ಬಟ್ಟೆಯೂ ಹಾಗೇ ಕತ್ತರಿಸಿಕೊಂಡು ಬರುತ್ತದೆ. ಲಂಗದ ಅಳತೆಯ ತುಂಡು ಕೈಗಿಟ್ಟ ಮೇಲೆ ಪ್ಯಾಂಟು ಹೊಲಿಯಲು ಟೇಲರಿಗೆ ಆಗುವುದಿಲ್ಲ. ಆ ಪಟ್ಟಿಗೆ ಕಟಿಂಗಿನ ಕಾಲಂ ಸೇರಿಸಲು ಮೇಲಿನವರಿಗೆ ಶಿಫಾರಸು ಕಳಿಸಿ. ಸಮಗ್ರ ಶಿಕ್ಷಣ ಯೋಜನೆಯ ದುಡ್ಡಿನಲ್ಲಿ ಎಸ್‌ಡಿಎಂಸಿ ಕೊಳ್ಳುವ ಎರಡನೇ ಜೊತೆಗೆ ಅಷ್ಟು ಕಾಯಬೇಕಿಲ್ಲ. ‘ಪ್ಯಾಂಟು, ಮುಕ್ಕಾಲು ಪ್ಯಾಂಟು, ಲಂಗ, ಚೂಡಿದಾರ: ಯಾವ ಮಗುವಾದರೂ ಆರಿಸಬಹುದು, ಎಲ್ಲಕ್ಕೂ ಬಕ್ಕಣ ಇರಲೇಬೇಕು’ ಎಂಬ ಒಂದು ಸುತ್ತೋಲೆ ನಿಮ್ಮ ಕಚೇರಿಯಿಂದ ಹೊರಟರೆ ಈ ವರ್ಷವೇ ಆಗುತ್ತದೆ. ಅಳತೆಯನ್ನು ಮಹಿಳಾ ಶಿಕ್ಷಕಿ ಅಥವಾ ಮಹಿಳಾ ಟೇಲರ್ ಬೇರೆ ಕೋಣೆಯಲ್ಲಿ ತೆಗೆದುಕೊಳ್ಳಬೇಕು, ಆಯ್ಕೆಯನ್ನು ಚೀಟಿಯಲ್ಲಿ ಮನೆಯಿಂದ ಬರೆಸಿ ತರಿಸಬೇಕು ಎಂದೂ ಅದರಲ್ಲಿ ಸೇರಲಿ. ತರಗತಿಯಲ್ಲಿ ಕೈ ಎತ್ತಿಸಿದರೆ ಯಾವ ಹುಡುಗಿಯೂ ಮೊದಲು ಎತ್ತುವುದಿಲ್ಲ.

ಮೂರು ವಯೋಮಾನದ ಮಾದರಿ ಪ್ಯಾಂಟು, ಬಕ್ಕಣವಿರುವ ಲಂಗ ಮತ್ತು ಟಾಪನ್ನು ಅಳತೆ ಪಟ್ಟಿಯ ಸಮೇತ ಹೊಲಿದು ನಿಮ್ಮ ಕಚೇರಿಗೆ ತಂದು ತೋರಿಸಲು ನಾವು ತಯಾರಿದ್ದೇವೆ. ನೀವು ಸಮಯ ಕೊಟ್ಟ ದಿನ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಮವಸ್ತ್ರ ಹೊಲಿಯುವವರು, ಎಸ್‌ಡಿಎಂಸಿ ಸದಸ್ಯರು ಹಾಗೂ ದೈಹಿಕ ಶಿಕ್ಷಕರು
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ