ಕೊನೆಯ ಸಾಲನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ‘ವಿಸ್ಕಿ ಟ್ಯಾಂಗೋ ಫಾಕ್ಸ್‌ಟ್ರಾಟ್’ ಬಗ್ಗೆ ಬಂದ ಬರಹ ಓದಿ ಸಿನಿಮಾ ಹುಡುಕಿ ನೋಡಿದೆ. 2016ರದ್ದು, ಹಳೆಯದೇ. (ಆ ಮೂರು ಪದಗಳ ಮೊದಲ ಅಕ್ಷರ ಸೇರಿಸಿದರೆ ಏನಾಗುತ್ತದೆ ಅಂತ ಹುಡುಗರನ್ನು ಕೇಳಿ, ಪತ್ರದಲ್ಲಿ ಬರೆಯುವ ಹಾಗಿಲ್ಲ.) ಚೆನ್ನಾಗಿ ನಕ್ಕೆ, ಸುಳ್ಳು ಹೇಳಲ್ಲ. ಆದರೆ ನಿಮ್ಮ ವಿಮರ್ಶಕರು ಮೊದಲಿಂದ ಕೊನೆತನಕ ನಾಯಕಿ ಕಿಮ್ ಆಗಿ ನಟಿಸಿದ ಟೀನಾ ಫೇ ಸುತ್ತಲೇ ಗಿರಕಿ ಹೊಡೆದಿದ್ದಾರೆ, ಅವಳ ಜೊತೆಗಿದ್ದ ಆಫ್ಘನ್ ಸಹಾಯಕ ಫಹೀಮ್ ಹೆಸರೇ ಇಲ್ಲ. ಅದಕ್ಕೇ ಈ ಪತ್ರ.

ಕಥೆ ಗೊತ್ತಿರುವಂಥದ್ದೇ. ಆಫೀಸಿನಲ್ಲಿ ಕೂತು ಬೇರೆಯವರು ಓದುವ ಸುದ್ದಿ ಬರೆದುಕೊಡುತ್ತಿದ್ದ ಕಿಮ್‌ಳನ್ನು, ಮದುವೆ ಮಕ್ಕಳಿಲ್ಲ ಅನ್ನುವ ಕಾರಣಕ್ಕೆ, ಕಾಬೂಲ್‌ಗೆ ಹೋಗ್ತೀಯಾ ಅಂತ ಕೇಳುತ್ತಾರೆ. ಅವಳಿಗೆ ಯುದ್ಧದ ಗಂಧಗಾಳಿ ಇಲ್ಲ. ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿಯಾಗಿದ್ದ ಕಿಮ್ ಬಾರ್ಕರ್ 2011ರಲ್ಲಿ ಬರೆದ ನೆನಪುಗಳ ಪುಸ್ತಕವೇ ಇದಕ್ಕೆ ಮೂಲ. ಸಿನಿಮಾದಲ್ಲಿ ಬಾರ್ಕರ್ ಹೋಗಿ ಬೇಕರ್ ಆಗಿದೆ, ಪತ್ರಿಕೆ ಹೋಗಿ ಟೀವಿ ಬಂದಿದೆ.

ಒಂದು ಪ್ರಸಂಗ ಹೇಳಲೇಬೇಕು. ಅಮೆರಿಕದ ಸೈನಿಕರು ಹಳ್ಳಿಯೊಂದಕ್ಕೆ ಬಾವಿ ತೋಡಿಕೊಡುತ್ತಾರೆ, ಯಾರೋ ಅದನ್ನು ಹಾಳು ಮಾಡುತ್ತಾರೆ, ಮತ್ತೆ ತೋಡಿದರೆ ಮತ್ತೆ ಹಾಳು. ತಾಲಿಬಾನ್‌ದೇ ಕೆಲಸ ಅಂತ ಎಲ್ಲರೂ ತೀರ್ಮಾನ ಮಾಡಿರುತ್ತಾರೆ. ಕೊನೆಗೆ ಊರಿನ ಹೆಂಗಸರು ಕಿಮ್‌ಳನ್ನು ಒಳಗೆ ಕರೆದು ನಿಜ ಹೇಳುತ್ತಾರೆ: ಹಾಳು ಮಾಡಿದ್ದು ಅವರೇ! ನದಿಯಿಂದ ನೀರು ತರಲು ನಡೆದು ಹೋಗುವ ಹೊತ್ತಷ್ಟೇ ಅವರಿಗೆ ಗಂಡಸರ ಕಣ್ಣು ತಪ್ಪಿಸಿ ಒಟ್ಟಿಗೆ ಮಾತಾಡಲು ಸಿಗುತ್ತಿತ್ತು. ಬಾವಿ ಬಂದು ಅದೂ ಹೋಯ್ತು. ಬಾವಿ ಕೊಟ್ಟವರು ಇವರನ್ನು ಒಂದು ಮಾತು ಕೇಳಿರಲಿಲ್ಲ ನೋಡಿ.

ಇನ್ನು ಫಹೀಮ್. ವಿದೇಶಿ ವರದಿಗಾರರ ಜೊತೆಗಿರುವ ಇಂಥವರನ್ನು ಫಿಕ್ಸರ್ ಅಂತಾರೆ. ಮಾತು ಅನುವಾದ ಮಾಡುವುದು, ಯಾರನ್ನು ಕಾಣಬೇಕು, ಯಾವ ದಾರಿ ಹಿಡಿಯಬಾರದು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅಂತ ಹೇಳುವುದು, ಎಲ್ಲ ಅವರೇ. ಕಿಮ್‌ಗೆ ಅಪಾಯದ ರುಚಿ ಹತ್ತಿ ಬುರ್ಖಾದೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ಓಡಾಡುವಷ್ಟು ಹುಚ್ಚಾದಾಗ, ಹಿಂದೆ ಡಾಕ್ಟರ್ ಆಗಿದ್ದ ಈ ಫಹೀಮ್, ಅಮಲಿನ ಚಟಕ್ಕೆ ಬಿದ್ದವರನ್ನು ನೋಡಿದ್ದೇನೆ, ನಿಮ್ಮದೂ ಅದೇ ಕಥೆ ಅನ್ನುವ ಅರ್ಥದಲ್ಲಿ ಅವಳಿಗೆ ಹೇಳುತ್ತಾನೆ. ಇಡೀ ಸಿನಿಮಾದಲ್ಲಿ ನಗು ನಿಂತದ್ದು ನನಗೆ ಅಲ್ಲೇ. ತಮಾಷೆ ಅಂದರೆ ಆ ಪಾತ್ರವನ್ನೂ ಆಫ್ಘನ್ ನಟನಿಗೆ ಕೊಟ್ಟಿಲ್ಲ. ಅಮೆರಿಕದ ಕ್ರಿಸ್ಟೋಫರ್ ಅಬಾಟ್ ಮಾಡಿದ್ದಾರೆ (ಚೆನ್ನಾಗೇ ಮಾಡಿದ್ದಾರೆ, ಅದು ಬೇರೆ ಮಾತು). ಆಫ್ಘನ್ ರಾಜಕಾರಣಿಯಾಗಿ ಬಂದದ್ದು ಬ್ರಿಟನ್ನಿನ ಆಲ್‌ಫ್ರೆಡ್ ಮೊಲಿನಾ.

ಸಿನಿಮಾದ ಆಚೆ ಏನಾಯ್ತು ಗೊತ್ತಲ್ವಾ? 2007ರ ಮಾರ್ಚ್‌ನಲ್ಲಿ ಇಟಲಿಯ ಪತ್ರಕರ್ತ ದಾನಿಯೇಲೆ ಮಾಸ್ತ್ರೋಜಾಕೊಮೊ ಅವರನ್ನು ತಾಲಿಬಾನ್ ಹೆಲ್ಮಂದ್‌ನಲ್ಲಿ ಅಪಹರಿಸಿತು. ಡ್ರೈವರ್ ಸೈಯದ್ ಆಘಾನನ್ನು ಕೊಂದರು. ಐವರು ತಾಲಿಬಾನ್ ಕೈದಿಗಳನ್ನು ಬಿಟ್ಟ ಮೇಲೆ ಪತ್ರಕರ್ತರು ಮನೆ ಸೇರಿದರು. ಫಿಕ್ಸರ್ ಅಜ್ಮಲ್ ನಕ್ಷ್‌ಬಂದಿ ಮಾತ್ರ ಅಲ್ಲೇ ಉಳಿದ, ಏಪ್ರಿಲ್‌ನಲ್ಲಿ ಅವನನ್ನೂ ಕೊಂದರು. 2009ರ ಸೆಪ್ಟೆಂಬರ್‌ನಲ್ಲಿ ಇಂಥದ್ದೇ ಕೆಲಸದಲ್ಲಿದ್ದ ಆಫ್ಘನ್ ಸುಲ್ತಾನ್ ಮುನಾದಿ ಸತ್ತದ್ದೂ ಹೀಗೇ. ತಾಲಿಬಾನ್ ಸೆರೆಯಿಂದ ಬಿಡಿಸಲು ಬ್ರಿಟಿಷ್ ಕಮಾಂಡೋಗಳು ನಡೆಸಿದ ದಾಳಿಯಲ್ಲಿ ಅವನ ಜೊತೆಗಿದ್ದ ವಿದೇಶಿ ವರದಿಗಾರ ಉಳಿದರು, ಇವನು ಗುಂಡಿಗೆ ಬಲಿಯಾದ.

ಹಾಸ್ಯ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಯುದ್ಧ ನೋಡಿ ಬಂದವರೇ ಜಾಸ್ತಿ ನಗುತ್ತಾರೆ, ಇಲ್ಲದಿದ್ದರೆ ಬದುಕುವುದು ಹೇಗೆ. ಆದರೆ ಏನೂ ಗೊತ್ತಿಲ್ಲದೆ ಬಂದವಳು ಎರಡು ಮೂರು ವರ್ಷದಲ್ಲಿ ಪಳಗಿ ವಿಮಾನ ಹತ್ತುತ್ತಾಳೆ, ಅವಳನ್ನು ಪಳಗಿಸಿದವನು ಹಾಗೆ ಹೊರಡಲಾರ. ಅವನಿಗೆ ಅದೇ ಊರು.

ನಿಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ಸುದ್ದಿ ಸಂಸ್ಥೆಗಳ ಯುದ್ಧದ ವರದಿಗಳ ಕೊನೆಯಲ್ಲಿ, ಇಂಥವರೂ ಈ ವರದಿಗೆ ನೆರವಾದರು ಅಂತ ಸ್ಥಳೀಯರ ಹೆಸರಿನ ಒಂದು ಸಾಲು ಎಷ್ಟೋ ಸಲ ಇರುತ್ತದೆ. ನಿಮ್ಮ ವಿದೇಶ ಪುಟದಲ್ಲಿ ಅದು ನನಗೆ ಕಂಡ ನೆನಪಿಲ್ಲ. ಜಾಗ ಸಾಲದು ಅಂದರೆ ಫೋಟೋವನ್ನು ಅರ್ಧ ಇಂಚು ಚಿಕ್ಕದು ಮಾಡಿ. ಹೆಸರು ಹಾಕಿದರೆ ಅವರ ಜೀವಕ್ಕೇ ಅಪಾಯ ಅನ್ನುವ ಸಂದರ್ಭವೂ ಇರುತ್ತದೆ, ಆಗ ಬೇಡ, ಸ್ಥಳೀಯ ವರದಿಗಾರರ ನೆರವಿನಿಂದ ಅಂತಲಾದರೂ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ