ಪುಟ್ಟನಿಗೆ ದೊಡ್ಡಪ್ಪನ ಕಾಗದ: ಫಿಲ್ಟರ್ ಹಾಕುವ ಮೊದಲು

ಪ್ರೀತಿಯ ಪುಟ್ಟ,

ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ದೊಡ್ಡಮ್ಮ ನಕ್ಕಳು, ನನಗೆ ನಗು ಬರಲಿಲ್ಲ. ನಿನ್ನ ಆಫೀಸಿನಿಂದ ತೆಂಗಿನ ಸಸಿಯ ಮೆಸೇಜು ನಮ್ಮ ಕಾಸರಗೋಡಿನ ಮೊಗ್ರಾಲಿನವರಿಗೆ ಮಾತ್ರ ಹೋಗಬೇಕಿತ್ತು. ಮೊಗ್ರಾಲ್ ಪುತ್ತೂರಿನವರಿಗೂ ಹೋಯಿತು. ಅವರೂ ಬಂದು ಕ್ಯೂ ನಿಂತರು, ಸಸಿ ಸಾಲಲಿಲ್ಲ. ಧಣಿಗಳು ಬೈದದ್ದಕ್ಕೆ ಬೇಜಾರು ಮಾಡಬೇಡ. ಆದರೆ ಸಾಫ್ಟ್‌ವೇರ್ ಸರಿ ಇಲ್ಲ ಅಂತ ನೀನು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಪಟ್ಟಿಯಿಂದ ಬೇಕಾದವರನ್ನು ಆರಿಸುವ ಫಿಲ್ಟರಿನಲ್ಲಿ ನೀನು ‘ಕಂಟೇನ್ಸ್’ ಇಟ್ಟಿದ್ದೆ. ಈ ಅಕ್ಷರಗಳು ಎಲ್ಲಿ ಕಂಡರೂ ಹಿಡಿ ಎಂದು ಅದರ ಅರ್ಥ. ಅದು ಹಿಡಿಯಿತು, ಅಷ್ಟೇ.

ಅಲ್ಲಿ ‘ಈಕ್ವಲ್ಸ್’, ಅಂದರೆ ಪೂರ್ತಿ ಅದೇ ಇರಬೇಕು ಅಂತ, ಇಟ್ಟಿದ್ದರೆ ಸಾಕಿತ್ತು. ಶುರುವಿನ ಅಕ್ಷರ ಮಾತ್ರ ನೋಡುವ ‘ಸ್ಟಾರ್ಟ್ಸ್ ವಿತ್’ ಸಾಲುತ್ತಿರಲಿಲ್ಲ, ಮೊಗ್ರಾಲ್ ಪುತ್ತೂರು ಶುರುವಾಗುವುದೂ ಮೊಗ್ರಾಲ್ ಅಂತಲೇ ಅಲ್ವಾ? ನಮ್ಮ ಬೇಳ ಊರನ್ನು ಇಂಗ್ಲಿಷ್ ಅಕ್ಷರದಲ್ಲಿ Bela ಅಂತ ಹಾಗೆ ಹುಡುಕಿದರೆ ಬೆಳಗಾವಿಯೂ ಜತೆಗೆ ಬಂದು ಕೂರುತ್ತದೆ.

ಹಾಗಂತ ಈಕ್ವಲ್ಸ್ ಎಲ್ಲ ಕಡೆಯೂ ಕಾಪಾಡುವುದಿಲ್ಲ. ನಮ್ಮಲ್ಲೊಂದು ಅಡೂರು ಇದೆ, ಪತ್ತನಂತಿಟ್ಟ ಜಿಲ್ಲೆಯಲ್ಲಿ ಇನ್ನೊಂದು. ಎರಡೂ ಕೇರಳವೇ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸ್ಪೆಲ್ಲಿಂಗ್ ಹಾಕುವವರಿದ್ದಾರೆ. ನಾನು ಪೋಸ್ಟಾಫೀಸಿನಲ್ಲಿದ್ದಾಗ ಇಂಥ ಕಾಗದ ಕೈಗೆ ಬಂದರೆ ಮೊದಲು ನೋಡುತ್ತಿದ್ದದ್ದು ಪಿನ್‌ಕೋಡ್. ನಮ್ಮದು 671ರಿಂದ ಶುರು, ಅವರದ್ದು 691ರಿಂದ. 1972ರ ಆಗಸ್ಟ್ 15ರಂದು ಪಿನ್ ಬಂದದ್ದೇ ಇಂಥ ಗೊಂದಲ ತಪ್ಪಿಸಲು. ನಿನ್ನ ಪಟ್ಟಿಯಲ್ಲೂ ಪಿನ್ ಕಾಲಂ ಇದೆ, ನೀನು ಅದನ್ನು ಮುಟ್ಟುವುದೇ ಇಲ್ಲ. ಇಲ್ಲಿ ‘ಸ್ಟಾರ್ಟ್ಸ್ ವಿತ್’ ಸರಿಯಾದ ಆಯ್ಕೆ. ಕೆಲವರು ಮೂರು ಅಂಕೆ ಆದ ಮೇಲೆ ಜಾಗ ಬಿಟ್ಟು ‘671 321’ ಅಂತ ಬರೆಯುತ್ತಾರೆ. ಈಕ್ವಲ್ಸ್ ಹಾಕಿದರೆ ಅಂಥವರು ತಪ್ಪಿಹೋಗುತ್ತಾರೆ. ಕಂಟೇನ್ಸ್ ಹಾಕಿ ಎಲ್ಲ ಕಾಲಂಗಳಲ್ಲೂ ಹುಡುಕಿದೆಯೋ, ಮೊಬೈಲ್ ನಂಬರಿನ ನಡುವೆ 671 ಇರುವವರೂ ಬರುತ್ತಾರೆ.

ಎಲ್ಲ ಕಾಲಂ ಹುಡುಕುವ ಚಟ ಬಿಡು. ಅನಿಲ್ ಕುಂಬ್ಳೆಯವರ ಹೆಸರಿನಲ್ಲೇ ನಮ್ಮ ಕುಂಬಳೆ ಊರು ಇದೆ, ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಊರನ್ನು ಹೆಸರಿಗೆ ಸೇರಿಸಿಕೊಂಡು ಬೇರೆ ಕಡೆ ಇರುವವರು ನಮ್ಮಲ್ಲಿ ಎಷ್ಟು ಜನ!

ಇನ್ನೊಂದು ವಿಷಯ ನನಗೆ ಜಾಸ್ತಿ ತಾಗುತ್ತದೆ. ಮಂಗಳೂರಿನ ನಿನ್ನ ಆಫೀಸಿನಲ್ಲಿ ಕನ್ನಡ ಮೆಸೇಜು ಕಳಿಸುವಾಗ ‘ಭಾಷೆ ಕನ್ನಡ’ ಮತ್ತು ‘ರಾಜ್ಯ ಕರ್ನಾಟಕ’ ಎರಡನ್ನೂ ಹಾಕುತ್ತಾರೆ ಅಂದೆಯಲ್ಲ, ಅಲ್ಲಿಗೆ ನಾವೆಲ್ಲ ಹೊರಗೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಮನೆಮಾತು ಬದಲಾಗಲಿಲ್ಲ. ‘ರಾಜ್ಯ ಕೇರಳ’ ಅಂತ ನೋಡಿ ನಿಮ್ಮವರು ನನಗೆ ಮಲಯಾಳದಲ್ಲಿ ಕಳಿಸುತ್ತಾರೆ. ಓದಲು ಬರುತ್ತದೆ, ಅದು ಬೇರೆ ಮಾತು. ಭಾಷೆ ತಿಳಿಯಬೇಕಾದರೆ ಭಾಷೆಯ ಕಾಲಂ ನೋಡಬೇಕು. ರಾಜ್ಯ ನೋಡಿ ಊಹಿಸಬಾರದು.

ಪ್ರತಿ ಹೆಸರಿಗೂ ಅಂಟಿಸುವ ಗುರುತು, ಅಂದರೆ ಟ್ಯಾಗ್, ಅದರ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ‘ಆಸಕ್ತಿ’ ಅಂತ ಒಂದು, ‘ಆಸಕ್ತಿ ಇಲ್ಲ’ ಅಂತ ಇನ್ನೊಂದು ಇಟ್ಟಿದ್ದಾರೆ. ‘ಆಸಕ್ತಿ’ಗೆ ಕಂಟೇನ್ಸ್ ಹಾಕಿದರೆ ಬೇಡ ಅಂದವರಿಗೂ ಮೆಸೇಜು ಹೋಗುತ್ತದೆ. ‘ಬರಲಿ’, ‘ಬೇಡ’ ಅಂತ ಬದಲಾಯಿಸು, ಒಂದರೊಳಗೆ ಇನ್ನೊಂದು ಸಿಗುವುದಿಲ್ಲ. ‘ಬೇಡ ಅಲ್ಲದವರು’ ಅಂತ ಹುಡುಕುವಾಗ ಟ್ಯಾಗೇ ಇಲ್ಲದವರು ಏನಾಗುತ್ತಾರೆ ನೋಡು. ಕೆಲವು ಸಾಫ್ಟ್‌ವೇರ್ ಅವರನ್ನು ಸೇರಿಸುತ್ತದೆ, ಕೆಲವು ಬಿಡುತ್ತದೆ. ಟ್ಯಾಗ್ ಖಾಲಿ ಬಿಟ್ಟು ಒಂದು ಸುಳ್ಳು ಹೆಸರು ಸೇರಿಸಿ ಪರೀಕ್ಷೆ ಮಾಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಳಿಸುವ ಬಟನ್ ಒತ್ತುವ ಮೊದಲು ಎಷ್ಟು ಜನ ಅನ್ನುವ ಲೆಕ್ಕ ಮಾತ್ರ ನೋಡಿ ಸುಮ್ನೆ ಸಮಾಧಾನ ಪಡಬೇಡ. ಪಟ್ಟಿಯನ್ನು ಊರಿನ ಕಾಲಂ ಪ್ರಕಾರ ಜೋಡಿಸಿ ಮೇಲಿನಿಂದ ಕೆಳಗೆ ಕಣ್ಣಾಡಿಸು. ಬರಬಾರದ ಊರು ತಾನಾಗಿ ಎದ್ದು ಕಾಣುತ್ತದೆ. ಬಿಟ್ಟುಹೋದವರ ಪಟ್ಟಿಯನ್ನೂ ಹಾಗೇ ಒಂದು ಸಲ ನೋಡು, ಅದನ್ನು ಯಾರೂ ನೋಡುವುದಿಲ್ಲ.

ಭಾನುವಾರ ಬರುವಾಗ ಲ್ಯಾಪ್‌ಟಾಪ್ ತಾ. ಕಾಸರಗೋಡು ಅನ್ನುವುದನ್ನೇ ಜನ ಎಷ್ಟು ಥರ ಬರೆದಿದ್ದಾರೋ ನೋಡುವ. ಊರನ್ನು ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಹಾಗೆ ಫಾರಂ ಬದಲಾಯಿಸಬೇಕು, ಧಣಿಗಳ ಹತ್ತಿರ ಈಗಲೇ ಕೇಳಿಟ್ಟಿರು.

ನಿನ್ನ
ದೊಡ್ಡಪ್ಪ