ಬಾಗಿಲು ಹಾಕಿದೆಯೆಂದು ಮೀಟರ್ ಓದದವರಿಗೆ ಒಂದು ದೂರು

ಗೆ,
ಪೌರಾಯುಕ್ತರು,
ನಗರಸಭೆ ಕಾರ್ಯಾಲಯ

ಇಂದ,
ನಾಲ್ಕನೇ ಅಡ್ಡರಸ್ತೆಯ ನಲ್ಲಿ ಸಂಪರ್ಕದಾರಳು

ಮಾನ್ಯರೆ,

ವಿಷಯ: ರೀಡಿಂಗ್ ಇಲ್ಲದ ನೀರಿನ ಬಿಲ್ಲು ಮತ್ತು ನಮ್ಮ ರಸ್ತೆಯ ಬೀದಿದೀಪದ ಬಗ್ಗೆ.

ಈ ಸಲದ ನೀರಿನ ಬಿಲ್ಲಿನಲ್ಲಿ ಮೀಟರ್ ರೀಡಿಂಗ್ ಇರಬೇಕಾದ ಜಾಗದಲ್ಲಿ ‘ಡೋರ್ ಲಾಕ್’ ಎಂದು ಅಚ್ಚಾಗಿದೆ. ನಮ್ಮ ಮೀಟರ್ ಇರುವುದು ಗೇಟಿನ ಹೊರಗೆ, ಚರಂಡಿಯ ಚಪ್ಪಡಿ ಪಕ್ಕದಲ್ಲಿ. ಅದನ್ನು ಓದಲು ಯಾರೂ ಬಾಗಿಲು ತೆಗೆಯಬೇಕಿಲ್ಲ, ಸ್ವಲ್ಪ ಬಗ್ಗಿದರೆ ಸಾಕು. ಹಿಂದಿನ ಬಿಲ್ಲುಗಳಲ್ಲೂ ಇದೇ ಕಥೆ. ಹೀಗೆ ಸರಾಸರಿ ಹಾಕುತ್ತಾ ಬಂದು, ಈಗ ಬಾಕಿಯ ಜೊತೆ ಬಡ್ಡಿಯನ್ನೂ ಸೇರಿಸಿ ಒಂದೇ ಗಂಟಿಗೆ ಕಟ್ಟಿ ಎಂದಿದ್ದೀರಿ. ಕಟ್ಟದಿದ್ದರೆ ನಲ್ಲಿ ಕಡಿತ ಎಂಬ ಮೊಹರು ಬೇರೆ.

ಹೋಗಲಿ, ಓದಿದರೂ ಆ ಮೀಟರಿನ ಲೆಕ್ಕ ಪೂರ್ತಿ ನೀರಿನದಲ್ಲ. ನಮಗೆ ನೀರು ಬಿಡುವುದು ಮೂರು ದಿನಕ್ಕೊಮ್ಮೆ. ಅಲ್ಲಿಯವರೆಗೆ ಖಾಲಿ ಪೈಪಿನೊಳಗೆ ತುಂಬಿಕೊಂಡ ಗಾಳಿ, ವಾಲ್ವ್ ತಿರುಗಿಸಿದ ಕೂಡಲೇ ನೀರಿಗಿಂತ ಮುಂಚೆ ನುಗ್ಗಿ ಬರುತ್ತದೆ. ನಲ್ಲಿ ಬುಸ್ಸೆನ್ನುತ್ತದೆ, ಕೆಳಗಿಟ್ಟ ಬಿಂದಿಗೆಗೆ ಒಂದು ಹನಿ ಬಿದ್ದಿರುವುದಿಲ್ಲ, ಮೀಟರಿನ ಕೆಂಪು ಮುಳ್ಳು ಮಾತ್ರ ಗಿರಗಿರನೆ ತಿರುಗುತ್ತಿರುತ್ತದೆ. ಒಳಗಿನ ಚಕ್ರವನ್ನು ತಳ್ಳಿದ್ದು ಗಾಳಿಯೋ ನೀರೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮುಖ್ಯ ಕೊಳವೆ ಎತ್ತರಕ್ಕೆ ಏರುವ ಕಡೆ ಏರ್ ವಾಲ್ವ್ ಕೂರಿಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆಂದು ನಿಮ್ಮ ಇಂಜಿನಿಯರುಗಳಿಗೆ ನಾನು ಹೇಳಿಕೊಡಬೇಕಿಲ್ಲ. ಗಾಳಿಯ ನಂತರ ಬರುವ ಮೊದಲ ನೀರು ಕೆಂಪು ಮಣ್ಣಿನ ಬಣ್ಣದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ 10500. ನಮ್ಮ ಬೀದಿಯ ಕೊನೆಯ ನಲ್ಲಿಯಲ್ಲಿ ಅದನ್ನು ಪರೀಕ್ಷೆ ಮಾಡಿದವರನ್ನು ನಾವ್ಯಾರೂ ಕಂಡಿಲ್ಲ.

ನೀರುಗಂಟಿಯ ಮೇಲೆ ನನ್ನ ದೂರಿಲ್ಲ. ಆತ ಬೆಳಗಿನ ಜಾವ ಮೂರಕ್ಕೆ ಬಂದು ವಾಲ್ವ್ ತಿರುಗಿಸಿ, ವಾಟ್ಸಾಪಿನಲ್ಲಿ ‘ನೀರು ಬಂತು’ ಎಂದು ಹಾಕುತ್ತಾನೆ. ಇಡೀ ನಗರಸಭೆಯಿಂದ ನಮಗೆ ತಪ್ಪದೆ ಸಿಗುವ ಉತ್ತರ ಅದೊಂದೇ.

ಕರೆಂಟಿನ ಕಂಪನಿಯನ್ನು ಹೊಗಳುವ ಉದ್ದೇಶ ನನಗಿಲ್ಲ, ಅವರ ಬಗ್ಗೆ ಹೇಳಲೂ ಬೇಕಾದಷ್ಟಿದೆ. ಆದರೂ ಅವರ ಹುಡುಗ ಪ್ರತಿ ತಿಂಗಳು ಬಂದು ಮೀಟರ್ ನೋಡಿ, ಸೊಂಟದ ಯಂತ್ರದಿಂದ ಅಲ್ಲೇ ಬಿಲ್ಲು ಹರಿದು ಕೊಡುತ್ತಾನೆ. 1912ಕ್ಕೆ ಫೋನ್ ಮಾಡಿದರೆ ದೂರಿಗೊಂದು ನಂಬರ್ ಸಿಗುತ್ತದೆ. ಬಾಕಿಗಾಗಿ ಲೈನ್ ಕಡಿಯುವ ಮುನ್ನ 15 ದಿನದ ಲಿಖಿತ ನೋಟಿಸ್ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆ ಅವರನ್ನು ಕಟ್ಟಿಹಾಕಿದೆ. ಅಲ್ಲಿ ನ್ಯಾಯ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಆಮೇಲೆ ಓಂಬುಡ್ಸ್‌ಮನ್. ನಿಮ್ಮ ಬಿಲ್ಲಿನ ಹಿಂದೆ ಮುಂದೆ ತಿರುಗಿಸಿ ನೋಡಿದರೂ ಯಾರ ಮುಂದೆ ಹೋಗಬೇಕೆಂಬ ಒಂದು ಸಾಲಿಲ್ಲ. ಕಂಪನಿ ನಮ್ಮದಲ್ಲ, ಆದರೂ ಉತ್ತರ ಕೊಡಬೇಕಾಗುತ್ತದೆ. ನಗರಸಭೆ ನಮ್ಮದು, ನಾವೇ ಓಟು ಹಾಕಿ ಕೂರಿಸಿದ್ದು, ಅದಕ್ಕೇ ಏನೋ ಕೇಳುವವರಿಲ್ಲ.

ಬೀದಿದೀಪದ್ದೂ ಇದೇ ಹಾಡು. ರಸ್ತೆಯ ಆ ತುದಿಯಲ್ಲಿ ಮಧ್ಯಾಹ್ನವೂ ದೀಪ ಉರಿಯುತ್ತದೆ, ಈ ತುದಿಯ ಎರಡು ಕಂಬ ರಾತ್ರಿಯೂ ಕತ್ತಲು. ಟ್ಯೂಷನ್ ಮುಗಿಸಿ ಬರುವ ಮಕ್ಕಳು ಮೊಬೈಲಿನ ಟಾರ್ಚ್ ಹಿಡಿದು ನಡೆಯುತ್ತಾರೆ. ನೀರಿನ ಶಾಖೆಯವರು ವಿದ್ಯುತ್ ಶಾಖೆಗೆ ಹೇಳಿ ಎಂದರು, ಅವರು ಗುತ್ತಿಗೆದಾರರಿಗೆ ಹೇಳಿ ಎಂದರು, ಗುತ್ತಿಗೆದಾರರು ತಮ್ಮ ಬಿಲ್ಲೇ ಪಾಸಾಗಿಲ್ಲ ಎಂದರು. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಪ್ರಕಾರ ಬೀದಿಗೆ ಬೆಳಕು ಕೊಡುವುದು ತಮ್ಮ ಕಡ್ಡಾಯ ಕರ್ತವ್ಯ, ಗುತ್ತಿಗೆದಾರರದ್ದಲ್ಲ.

ಆದ್ದರಿಂದ ಸಿಬ್ಬಂದಿಯನ್ನು ಕಳಿಸಿ, ನಮ್ಮೆದುರಿಗೇ ಮೀಟರ್ ಓದಿಸಿ ಬಿಲ್ಲನ್ನು ಪರಿಷ್ಕರಿಸಿ, ಓದದೆ ಬಿಟ್ಟ ಅವಧಿಯ ಬಡ್ಡಿಯನ್ನು ಕೈಬಿಡಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ನಲ್ಲಿ ಕಡಿತ ಬೇಡ. ಕೊನೆಯ ನಲ್ಲಿಯ ನೀರನ್ನು ಪರೀಕ್ಷಿಸಿ, ವರದಿಯನ್ನು ವಾರ್ಡಿನಲ್ಲಿ ಅಂಟಿಸಿ. ಕಂಬದ ದೀಪ ಯಾವ ದಿನ ಸರಿಯಾಗುತ್ತದೆ ಎಂದು ಬರೆದು ತಿಳಿಸಿ. ಉತ್ತರ ಬಾರದಿದ್ದರೆ ಮೀಟರ್ ರೀಡಿಂಗ್ ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳುತ್ತೇನೆ, ಅದಕ್ಕಂತೂ 30 ದಿನದ ಗಡುವಿದೆ.

ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಡಿ.

ಇತಿ,
ತಮ್ಮ ವಿಶ್ವಾಸಿ

ಲಗತ್ತು: ಬಿಲ್ಲುಗಳ ಜೆರಾಕ್ಸ್, ಗೇಟಿನ ಹೊರಗಿರುವ ಮೀಟರಿನ ಫೋಟೋ